ತಂತಿಯಿಲ್ಲದ ಗುಂಡಿ

ಚರ್ಚಿನ ಹಿಂದಿನ ಈ ಉದ್ದ ಕೊಠಡಿಯಲ್ಲಿ ಶನಿವಾರ ನಾವು
ಕೆಟ್ಟದ್ದನ್ನು ರಿಪೇರಿ ಮಾಡುತ್ತೇವೆ.
ಟೋಸ್ಟರು, ಕೆಟಲು, ದನಿ ಕಟ್ಟಿದ ರೇಡಿಯೊ.
ಚಹಾ ಪುಕ್ಕಟೆ, ಬಿಸ್ಕತ್ತಿಗೆ ಇಪ್ಪತ್ತು ಪೆನ್ನಿ.
ಐದು ವರ್ಷಕ್ಕೊಮ್ಮೆ, ಒಂದು ಗುರುವಾರ,
ಇವೇ ಮೇಜುಗಳ ಮೇಲೆ
ದೇಶವನ್ನು ರಿಪೇರಿಗೆ ತರುತ್ತಾರೆ.

ಅಂದು ನನ್ನ ಸ್ಕ್ರೂಡ್ರೈವರಿಗೆ ರಜೆ.

ಈನಿಡ್ ಹ್ಯಾಕ್ಸ್‌ಬಿ ಮೊನ್ನೆ ತನ್ನ ಹೊಸ ಒಲೆಯ ಫೋಟೊ ತಂದಿದ್ದಳು,
ಒಲೆ ಹೊತ್ತು ತರಲಾಗದೆ.
ಕಪ್ಪು ಗಾಜು. ಹಿಂಡಲು ಕಿವಿಯಿಲ್ಲ, ಒತ್ತಲು ಮೂಗಿಲ್ಲ.
ಒದ್ದೆ ಬೆರಳಿಗೆ ಓಗೊಡುವುದಿಲ್ಲ;
ಅಡುಗೆಮನೆಯಲ್ಲಿ ಒಣ ಬೆರಳು ಯಾರಿಗಿದೆ, ಹೇಳಿ?
ಹಾಲು ಉಕ್ಕಿತೋ, ಹಾಲು ಮುಟ್ಟಿದ್ದನ್ನೇ ಅಪ್ಪಣೆಯೆಂದು ತಿಳಿದು
ತನಗೆ ತಾನೇ ಬೀಗ ಜಡಿದುಕೊಳ್ಳುತ್ತದೆ.
ತೆಗೆಯಲು ಬೀಗದ ಚಿತ್ರವನ್ನು ಮೂರು ಸೆಕೆಂಡು ಅದುಮಬೇಕು.
ಚಿತ್ರ ಹಾಲಿನ ಕೆಳಗಿದೆ.
"ಎಪ್ಪತ್ತೊಂಬತ್ತು ನನಗೆ," ಅಂದಳು,
"ಒಂದು ಮೊಟ್ಟೆಗಾಗಿ ಒಲೆಯ ಮುಂದೆ ಮೊಣಕಾಲೂರಬೇಕೆ?"

ಇದನ್ನು ರೂಪಿಸಿದವರು ದುಷ್ಟರಲ್ಲ.
ಮಧ್ಯಾಹ್ನ ಹೊರಗಿನಿಂದ ತರಿಸಿ ತಿನ್ನುವವರು, ಅಷ್ಟೆ.

ಗುರುವಾರದ್ದನ್ನು ನೋಡಿ.
ಪ್ಲೈವುಡ್ಡಿನ ಮೂರು ಗೋಡೆ, ಒಂದು ಹಲಗೆ,
ಹಲಗೆಗೆ ದಾರ, ದಾರದ ತುದಿಗೆ
ಹೆಬ್ಬೆರಳುದ್ದದ ಪೆನ್ಸಿಲು.
ನಾಲ್ಕು ದಶಕ ಬಿಚ್ಚಿ ಜೋಡಿಸಿದ ಕೈ ಹೇಳುತ್ತಿದೆ:
ಇದಕ್ಕಿಂತ ಚೆಂದದ ಯಂತ್ರ ನಾನು ಕಂಡಿಲ್ಲ.
ಪಾಸ್‌ವರ್ಡ್ ಕೇಳುವುದಿಲ್ಲ.
ಅಪ್‌ಡೇಟ್ ಆಗುತ್ತಿದೆ, ತಾಳಿ ಎನ್ನುವುದಿಲ್ಲ.
ಮೊನೆ ಮೊಂಡಾದರೆ ಅಧಿಕಾರಿ ಬರ್ಟ್ರಮ್ ಸ್ಕೆಲ್ಟನ್
ಕೋಟಿನ ಜೇಬಿನಿಂದ ಮೆಂಡರ್ ತೆಗೆದು ಹೆರೆದುಕೊಡುತ್ತಾನೆ.
ಒಂದು ಗೀಟು, ಅದರ ಮೇಲೊಂದು ಅಡ್ಡಗೀಟು.
ಮಡಿಸಿ ಪೆಟ್ಟಿಗೆಗೆ ಹಾಕುತ್ತೇನೆ.

ತಕರಾರು ಅಲ್ಲಿಂದಾಚೆಗೆ.

ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಗುಂಡಿಯಿರುತ್ತದಲ್ಲ,
ಗ್ರಿಮ್ಸ್‌ಬಿಯ ಒಂದು ಕಚೇರಿಯಲ್ಲಿ ಅದರ ಫಲಕ ಬಿಚ್ಚಿದ್ದೆ.
ಗುಂಡಿಯಿತ್ತು. ಸ್ಪ್ರಿಂಗಿತ್ತು. ಕೆಂಪು ದೀಪಕ್ಕೊಂದು ತಂತಿಯಿತ್ತು.
ಬಾಗಿಲಿಗೆ ಹೋಗುವ ತಂತಿ ಮಾತ್ರ
ಹುಟ್ಟಿದಂದಿನಿಂದಲೂ ಇರಲಿಲ್ಲ.
ಹನ್ನೊಂದು ವರ್ಷ ಜನ ಒತ್ತಿದ್ದರು;
ಮೇಲಿನ ಬಾಣದ ಗುರುತು ಸವೆದು ನುಣ್ಣಗಾಗಿತ್ತು.

ಈ ಕ್ಷೇತ್ರದಲ್ಲಿ ನಾನು ಒಂಬತ್ತು ಸಲ ಗೀಟೆಳೆದಿದ್ದೇನೆ.
ಒಂಬತ್ತು ಸಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದು.
ನೂರರಲ್ಲಿ ಮೂವತ್ನಾಲ್ಕು ಪಡೆದವನು
ನೂರನ್ನೂ ಹೆಗಲಿಗೇರಿಸಿ ನಡೆದುಬಿಡುತ್ತಾನೆ.
ಉಳಿದ ಅರವತ್ತಾರು ಗುಂಡಿಗೆ;
ಒತ್ತುವ ಗುಂಡಿಯಲ್ಲ, ಹೂಳುವ ಗುಂಡಿಗೆ.

ಒಂದು, ಎರಡು, ಮೂರು ಎಂದು ಬರೆಯಲು ಬಿಡಿ ಸಾಕು.
ಇವನು ಬೇಕು; ಇವನಾಗದಿದ್ದರೆ ಅವಳು;
ಅವಳೂ ಆಗದಿದ್ದರೆ ಆ ಜೇನು ಸಾಕುವ ಗಡ್ಡದವನು.
ಅಂಗಡಿಗೆ ಚೀಟಿ ಬರೆಯುವುದು ಹೀಗೇ ತಾನೆ?
ಕಂದು ಬ್ರೆಡ್ಡು, ಸಿಗದಿದ್ದರೆ ಬಿಳಿ.
ಕಂದು ಮುಗಿಯಿತೆಂದು ಕೈಗೆ
ಬೆಕ್ಕಿನ ಆಹಾರದ ಡಬ್ಬಿ ಕೊಟ್ಟರೆ ಸುಮ್ಮನಿರುತ್ತೀರಾ?

"ಜನಕ್ಕೆ ಗೊಂದಲವಾಗುತ್ತದೆ," ಎನ್ನುತ್ತಾನೆ ಬರ್ಟ್ರಮ್.
ಅಯ್ಯಾ, ಈನಿಡ್‌ಳ ಒಲೆಗೆ ಹದಿನಾಲ್ಕು ಬಗೆಯ ಬಿಸಿ.
ಅದು ಗೊಂದಲವಲ್ಲ,
ಮೂರರವರೆಗೆ ಎಣಿಸುವುದು ಗೊಂದಲ!

ಆದರೂ ಬಾಯಿಬಿಡಲು ನನಗೂ ಭಯ.
ಸುಧಾರಣೆ ಎಂದರೆ ಸಾಕು, ಯಾರಾದರೂ ಗಾಜು ಹೊತ್ತು ಬರುತ್ತಾರೆ.
ಬೇಡ ಮಾರಾಯರೆ. ಪೆನ್ಸಿಲು ಇರಲಿ, ದಾರವೂ ಇರಲಿ.
ಕೆಟ್ಟಿರುವುದು ಹಿಡಿಯಲ್ಲ, ಒಳಗಿನ ಜೋಡಣೆ.

ಗುರುವಾರ ಈನಿಡ್ ಬೂತಿನಲ್ಲಿ ಬಹಳ ಹೊತ್ತು ನಿಂತಳು.
ಹೊರಬಂದು ನನ್ನ ಕಿವಿಯಲ್ಲಿ: "ಅಂಕಿ ಹಾಕಿದೆ. ಐದರವರೆಗೂ."
"ಅಸಿಂಧು ಆಗಬಹುದು, ಗೊತ್ತೆ?"
"ಆಗಲಿ. ಹೋದ ಸಲ ಸಿಂಧುವಾಗಿ ಏನು ಕಿಸಿಯಿತು?"

ಶನಿವಾರ ಅವಳಿಗೊಂದು ಹಳೆಯ ಎರಡುರಿಯ ಒಲೆ
ಸರಿಮಾಡಿ ಕೊಟ್ಟೆ. ಬಳಿ ಕೂತು ಕಿವಿ ಹಿಂಡಿದಳು.
ಟಕ್.
ಸುರುಳಿ ನಿಧಾನ ಕೆಂಪಾಯಿತು.
ರೇಡಿಯೊದಲ್ಲಿ ಯಾರೋ ಜನಾದೇಶ, ಜನಾದೇಶ ಎನ್ನುತ್ತಿದ್ದರು.
ಅವಳು ಉಪ್ಪು ಹುಡುಕುತ್ತಿದ್ದಳು.