ರಿಟರ್ನ್ ಟ್ರಿಪ್ಪಿನಲ್ಲಿ ಉತ್ತರ

ಹಾಸನದ ಡಿಪೋದಲ್ಲಿ, ಬಸ್ಸು ತೊಳೆಯುವ ಕಟ್ಟೆಯ ಪಕ್ಕ,
ಗ್ರೀಸು ಕುಡಿದು ಕಪ್ಪಾದ ಮಣ್ಣಲ್ಲಿ
ಯಾರೂ ಕರೆಯದೆ ಒಂದು ಗಿಡ ಎದ್ದಿತು.
ಮಳೆ ಹಿಡಿದು ಮೂರು ವಾರಕ್ಕೆ ಮೊಳಕಾಲುದ್ದ.
ಎಲೆ ಅಂಗೈಗಿಂತ ಅಗಲ, ಮುಟ್ಟಿದರೆ ಅಂಟು,
ಮೂಸಿದರೆ ಒದ್ದೆ ನಾಯಿ.

ಯಾವ ಚಕ್ರ ತಂದಿತೋ.
ಇಲ್ಲಿ ದಿನಾ ಉದುರುವುದು ಹತ್ತೂರ ಮಣ್ಣು:
ಶಿರಾಡಿ ಹತ್ತಿ ಬಂದದ್ದು ಕೆಂಪು, ನೀರಿಗೇ ಬಿಡುತ್ತೆ;
ಹಿರಿಯೂರಿನದು ಕಪ್ಪು, ಕೆರೆಯಬೇಕು.
ಪೈಪು ಹಿಡಿದವಳಿಗೆ ಭೂಗೋಳ ತಾನಾಗಿ ಬರುತ್ತೆ.

ಕಿತ್ತಾಕಮ್ಮ, ಅಂದರು ಸೂಪರ್ವೈಸರ್ ದ್ಯಾವಪ್ಪ,
ಮುಂದಿನ ತಿಂಗಳು ಮೇಲಿನವರು ಬರ್ತಾರೆ.
ಏನು ಅಂತ ಗೊತ್ತಾಗಲಿ ಸಾರ್, ಆಮೇಲೆ ಕೀಳ್ತೀನಿ.
ಅಷ್ಟಕ್ಕೆ ಅವರಿಗೂ ಒಂದು ಆಸೆ:
ಕುಂಬಳವಾ? ಕುಂಬಳವಾದರೆ ಇರಲಿ ಬಿಡು.

ಮರುದಿನದಿಂದ ಎಲೆಗಳು ಪ್ರಯಾಣ ಹೊರಟವು.
ಹಳೇ ಟ್ರಿಪ್ ಶೀಟಿನಲ್ಲಿ ಸುತ್ತಿಕೊಂಡು ಒಂದು
ಧರ್ಮಸ್ಥಳದ ಐತಪ್ಪನ ಸೀಟಿನ ಹಿಂದೆ.
ಚಳ್ಳಕೆರೆಯ ಕಂಡಕ್ಟರ್ ತಿಪ್ಪೇರುದ್ರನ ಚೀಲದಲ್ಲಿ ಒಂದು,
ಚಿಲ್ಲರೆಗೆ ಅಂಟಿಕೊಂಡು.
ಇನ್ನೊಂದು ಬೇಲೂರಿಗೆ, ಪಾಸಿನ ಹುಡುಗಿ ಫರ್ಹೀನಳ
ಸಸ್ಯಶಾಸ್ತ್ರದ ಪುಸ್ತಕದೊಳಗೆ.

ಉತ್ತರಗಳು ರಿಟರ್ನ್ ಟ್ರಿಪ್ಪಿನಲ್ಲಿ ಬಂದವು,
ಕೆಲವು ಲೇಟಾಗಿ.
ಐತಪ್ಪನ ಅತ್ತಿಗೆ: ದತ್ತೂರ, ಮಕ್ಕಳನ್ನು ದೂರ ಇಡಿ.
ಉಜಿರೆಯ ಯಾರೋ: ದತ್ತೂರ ಅಲ್ಲವೇ ಅಲ್ಲ,
ಅತ್ತಿಗೆಗೆ ಕಣ್ಣಿನ ಆಪರೇಷನ್ ಆಗಬೇಕು.
ಅರಸೀಕೆರೆಯಲ್ಲಿ ಹತ್ತಿದ ನಾಟಿ ವೈದ್ಯರು
ಎಲೆ ನೋಡುವ ಮೊದಲೇ ಮಂಡಿನೋವಿಗೆ ಒಳ್ಳೇದು ಅಂದರಂತೆ.
ಅಷ್ಟರಲ್ಲಿ ಹೂ ಬಿಟ್ಟಿತು,
ಗಂಟೆಯಂಥ ಮಾಸಲು ಗುಲಾಬಿ, ಗಂಟಲಲ್ಲಿ ಹಳದಿ.
ಎಳ್ಳಿನ ಸೋದರಮಾವ, ಅಂದಿತು ಒಂದು ಬಸ್ಸು.
ಕುಂಬಳವಲ್ಲ ಎಂದು ದ್ಯಾವಪ್ಪ ಮುಖ ಸಣ್ಣ ಮಾಡಿದರು.

ಫರ್ಹೀನ್ ಮಾತ್ರ ಹೆಸರು ಹೇಳಲಿಲ್ಲ, ಚೀಟಿ ಕಳಿಸಿದಳು:
ಎಲೆ ನಂಬಬೇಡಿ ಅಮ್ಮ, ಕಾಯಿ ಬರಲಿ.
ಎಲೆಗಳು ಎದುರುಬದುರಾ, ಒಂದು ಬಿಟ್ಟು ಒಂದಾ?
ಬಸ್ಸಿನಡಿ ಕೆಸರು ಹುಡುಕುವ ಹಾಗೆ ಬಗ್ಗಿ ನೋಡಿದೆ.
ಎದುರುಬದುರು.
ಇಷ್ಟು ದಿನ ಪಕ್ಕದಲ್ಲೇ ಇದ್ದೆ, ನೋಡಿರಲಿಲ್ಲ.

ಮೇಲಿನವರ ಭೇಟಿ ಎರಡು ಸಲ ಮುಂದಕ್ಕೆ ಹೋಯಿತು.
ಕಾಯಿ ಬಂತು, ಹಸಿರು ಮಾವಿನಮಿಡಿ.
ಒಣಗಿತು, ಸಿಪ್ಪೆ ಕಳಚಿತು, ಒಳಗಿಂದ
ಕಪ್ಪು ಮರದ ಜೀರುಂಡೆ, ಮೂತಿಗೆ ಎರಡು ಕೊಕ್ಕೆ.
ಒಂದು ನನ್ನ ಖಾಕಿ ಕೋಟಿನ ಅಂಚು ಹಿಡಿದು
ಬಿಡಲೇ ಇಲ್ಲ, ಸಾಲ ಕೊಟ್ಟವನ ಹಾಗೆ.

ಅದನ್ನೇ ಕಳಿಸಿದೆ ಚಳ್ಳಕೆರೆಗೆ.
ಬಸ್‌ಸ್ಟ್ಯಾಂಡಿನೆದುರು ಕಡ್ಲೆಕಾಯಿ ಮಾರುವ ಬೋರಕ್ಕ
ಕೈಗೆ ತಗೊಂಡವಳೇ ನಕ್ಕಳಂತೆ:
ಹುಲಿಯುಗುರು ಕಣೋ!
ಕುರಿ ಉಣ್ಣೇಲಿ ಸಿಕ್ಕಿ ನಮ್ಮ ಬೆರಳು ಗೀರೋದು.
ಚಿಕ್ಕೋರಿದ್ದಾಗ ಕೊಕ್ಕೆಗೆ ಕೊಕ್ಕೆ ಹಾಕಿ ಜಗ್ತಿದ್ವಿ,
ಯಾರದು ಮುರೀತೋ ಅವರು ಸೋತಂಗೆ.
ಫರ್ಹೀನಳೂ ಹೌದೆಂದಳು. ಪುಸ್ತಕದ ಹೆಸರು ಬೇರೆ ಇದೆಯಂತೆ,
ಸಮುದ್ರದಾಚೆಯ ಗಿಡವಂತೆ,
ಯಾವ ಕಾಲಕ್ಕೋ ಟಿಕೆಟ್ಟಿಲ್ಲದೆ ಬಂದದ್ದು.

ಹೊರಟ ತಿಪ್ಪೇರುದ್ರ ನಿಂತು ತಲೆ ಕೆರೆದ.
ಬೋರಕ್ಕ ಕೇಳಿದ್ಲು, ಗಿಡ ಸಾಕಿದೋಳ ಹೆಸರೇನು ಅಂತ.
ವಾಷಿಂಗಿನೋರು ಅಂದೆ.
ಅದೂ ಒಂದು ಹೆಸರೇನೋ ಅಂತ ಬೈದ್ಲು.

ನಾಲ್ಕು ವರ್ಷದಿಂದ ಅವನ ಬಸ್ಸು ತೊಳೆದಿದ್ದೇನೆ,
ಹಿಂದಿನ ಸೀಟಿನ ವಾಂತಿ ಸಮೇತ.
ಹೊಂಬಾಳಮ್ಮ, ಅಂದೆ.
ಟಿಕೆಟ್ಟಿನ ಹಿಂದೆ ಬರೆದುಕೊಂಡ, ಸೊನ್ನೆ ಬಿಟ್ಟು.

ಮೇಲಿನವರು ಬರುವ ಮುನ್ನಾದಿನ ಗಿಡ ಕಿತ್ತೆ.
ಮಾತು ಕೊಟ್ಟಿದ್ದೆ. ಬೇರು ಸುಲಭಕ್ಕೆ ಬರಲಿಲ್ಲ.
ದ್ಯಾವಪ್ಪ ಒಂದು ಕಾಯಿಯನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡರು.
ಉಳಿದವನ್ನು ಎಣಿಸಿ ಡಬ್ಬಿಗೆ ಹಾಕಿದೆ, ಹನ್ನೊಂದು.
ಸಂಜೆ ನೋಡಿದರೆ ಹತ್ತು.

ಐದೂವರೆಯ ಕೊಪ್ಪಳದ ಬಸ್ಸು ಅಷ್ಟೊತ್ತಿಗೆ ಹೊರಟಾಗಿತ್ತು.
ಅದರ ಹಿಂಚಕ್ರದ ರಬ್ಬರ್ ಪರದೆ
ನಾನೇ ತೊಳೆದದ್ದು.