ಸೊಂಟದ ಫೋಟೋ

ಮೊದಲ ದಿನ ಎವ್ಲಿನ್ ಬಾಯಿ ನಾಯಿಯ ಮಾತೇ ಎತ್ತಲಿಲ್ಲ.
ಜೆಪ್ಪುವಿನ ಅವರ ಹಿತ್ತಲಲ್ಲಿ
ಪೊರಕೆ ಕೊಟ್ಟರು, ಬಕೆಟು, ಫಿನಾಯಿಲು.
"ಇದು ಬರ್ತದಾ ನೋಡುವ ರುಕ್ಮಯಾ. ಕಪ್ಪು ಗಿಪ್ಪು ಆಮೇಲೆ."

ನಾನು ಬಂದರಿನ ಐಸ್ ಪ್ಲಾಂಟಿನವ.
ಬಂಗುಡೆಗೆ ಐಸು ಒಡೆದ ಕೈ
ಸಂಜೆಯಾದರೂ ಮರಗಟ್ಟಿರುತ್ತಿತ್ತು.
ಆ ಕೈಯಲ್ಲೇ ಕಲಿತೆ ಬಳ್ಳಿ ಹಿಡಿಯಲು,
ಕಿವಿಯ ಹಿಂದೆ, ಎತ್ತರಕ್ಕೆ, ಸಡಿಲ,
ತುಂಬಿದ ಚಾ ಗ್ಲಾಸು ಹಿಡಿದ ಹಾಗೆ.
ಮುಂಗಾಲು ಭುಜದ ನೇರ ಕೆಳಗೆ,
ಹಿಂಗಾಲು ಒಂದಿಷ್ಟು ಹಿಂದೆ.
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಡಿಗೆ,
ನನ್ನ ಕಪ್ಪು ಲ್ಯಾಬ್ರಡಾರು,
ಮುಷ್ಟಿಯೊಳಗಿನ ಒಣ ಸಿಗಡಿಯನ್ನೇ ನೋಡುತ್ತ
ಉಸಿರೂ ಬಿಡದೆ ನಿಲ್ಲುತ್ತಿದ್ದಳು.

ಗುರುತಿಲ್ಲದವರು ಬಾಯಿ ತೆರೆದರೆ ಗುರುಗುಟ್ಟಬಾರದು.
ಆ ಅಭ್ಯಾಸಕ್ಕೆ ಪಕ್ಕದ ಮನೆಯ ಝುಲೈಖಾ,
ಪೋಸ್ಟಿನ ಲೋಕಯ್ಯ,
ಮೀನಿನ ಬುಟ್ಟಿ ಇಳಿಸಿಟ್ಟು ಬೇಬಿಯಕ್ಕ,
ಎಲ್ಲರೂ ಅವಳ ಹಲ್ಲೆಣಿಸಿದವರೇ.
ನಲವತ್ತೆರಡು.
"ನನ್ನಲ್ಲಿ ಅದರರ್ಧವೂ ಇಲ್ಲ," ಬೇಬಿಯಕ್ಕ ಬೊಚ್ಚುಬಾಯಿ ತೆರೆದು ನಕ್ಕರು.

ನಮ್ಮೂರಿನ ಡಿಸೆಂಬರಿಗೂ ಬೆವರು.
ಗೋಣಿ ಸುತ್ತಿದ ಐಸಿನ ಗಟ್ಟಿ ಅವಳ ಹೊಟ್ಟೆಯಡಿ ಇಟ್ಟೆ.
ಪಕ್ಕದಲ್ಲಿ ಕೋಟು ಟೈಯ ಹ್ಯಾಂಡ್ಲರುಗಳು.
ನನ್ನದು ಅಣ್ಣನ ಮದುವೆಯ ಪ್ಯಾಂಟು, ಜೇಬೆಲ್ಲ ಸಿಗಡಿ ನಾತ.
ಜಡ್ಜು ಓಡು ಎಂದರು,
ಓಡಿದೆ, ನಾಯಿಯನ್ನು ಬಿಟ್ಟು.
ಎರಡನೇ ಸುತ್ತಿಗೆ ಅವಳೇ ನನ್ನನ್ನು ಓಡಿಸಿದಳು.
ಮೂರನೇ ಸ್ಥಾನ.
ಇದ್ದದ್ದು ನಾಲ್ಕು.

ಮರುದಿನವೇ ಕದ್ರಿಯ ಚಿನ್ನದಂಗಡಿಯವರು ಬಂದು
ಮರಿಗೆಂದು ಅಡ್ವಾನ್ಸು ಇಟ್ಟು ಹೋದರು.
ಒಂದಕ್ಕೆ ಇಷ್ಟಾದರೆ ಎಂಟಕ್ಕೆಷ್ಟು?
ಐಸಿನ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ:
ಮಾಡಿನ ಹಂಚು, ತಂಗಿಯ ಹಲ್ಲಿನ ಕ್ಲಿಪ್ಪು,
ಉಳಿದರೆ ನನಗೊಂದು ಕೋಟು.

"ಎರಡು ವರ್ಷ ತುಂಬ್ಲಿ. ಸೊಂಟದ ಫೋಟೋ ತೆಗೆಸು.
ಎಂಥ ಗಡಿಬಿಡಿ ಮಾರಾಯಾ,
ಮರಿ ಎಂತ ಮೀನಾ, ಇವತ್ತೇ ಮಾರದಿದ್ರೆ ಹಾಳಾಗ್ಲಿಕ್ಕೆ?"

ಡಾಕ್ಟರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
ಬಟ್ಟಲಿನೊಳಗೆ ಗುಂಡು ಕೂತಿರಬೇಕಿತ್ತು.
ಬಲಗಡೆ ಕೂತಿದೆ.
ಎಡಗಡೆ, ರಶ್ಶಿನ ಬಸ್ಸಿನಲ್ಲಿ
ಸೀಟಿನ ತುದಿಗೆ ಅರ್ಧ ಕೂತವರ ಹಾಗೆ.
ಇವಳಿಗೆ ಈಗ ನೋವಿಲ್ಲ. ಮರಿಗಳಿಗೆ ಬರಬಹುದು.
ಬರದೆಯೂ ಇರಬಹುದು.

ಆ ಒಂದು "ಬಹುದು"ವಿನ ಮೇಲೆ
ಎಂಟು ಮರಿ ಮಾರಿಬಿಡಬಹುದಿತ್ತು.
ಹಾಳೆ ನೋಡಿದ್ದು ಮೂರೇ ಜನ.

ಎವ್ಲಿನ್ ಬಾಯಿ ಬುದ್ಧಿ ಹೇಳಲಿಲ್ಲ.
ಬೈಂಡು ಕಿತ್ತ ಪುಸ್ತಕ ತೆರೆದಿಟ್ಟು ಚಾ ಮಾಡಲು ಹೋದರು.
ಅಜ್ಜಿ, ತಾಯಿ, ಮಗಳು, ನಾಯಿಗಳ ಮೂವತ್ತು ವರ್ಷ,
ಯಾರ ಮರಿ ಯಾರ ಮನೆಯಲ್ಲಿ,
ಯಾವುದು ವಾಪಸು ಬಂತು, ಯಾಕೆ.
ಒಂದು ಹೆಸರು, ರೋಜಿ. ಎದುರಿಗೆ ಐದು ಕಪ್ಪುಗಳ ಪಟ್ಟಿ.
ಕೆಳಗೆ ಒಂದೇ ಗೆರೆ: ಕಣ್ಣು ಸರಿಯಿಲ್ಲ, ಇಲ್ಲಿಗೆ ನಿಲ್ಲಿಸಿದೆ.

ಅಡ್ವಾನ್ಸು ಹಿಂದೆ ಕೊಟ್ಟೆ.
"ಕಾಗದ ಗೀಗದ ನಮಗೆ ಬೇಡ, ಮರಿ ಆದರಾಯ್ತು," ಎಂದರು.
ನೋಟು ಎಣಿಸಿಕೊಳ್ಳಿ ಎಂದೆ.
ಎರಡು ಸಲ ಎಣಿಸಿಕೊಂಡರು.

ಗುರುವಾರ ಆಪರೇಷನ್ನು.
ಆದಿತ್ಯವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ
ಕುತ್ತಿಗೆಗೆ ಪ್ಲಾಸ್ಟಿಕ್ ಕೊಳವೆ ತೊಟ್ಟ ಕಾಡಿಗೆ
ಕಲ್ಲಿನ ಪಕ್ಕ, ಹತ್ತಲಾಗದೆ, ನೆಲದ ಮೇಲೆಯೇ
ನಿಂತಿದ್ದಾಳೆ: ಮುಂಗಾಲು ಭುಜದ ನೇರ ಕೆಳಗೆ,
ಹಿಂಗಾಲು ಒಂದಿಷ್ಟು ಹಿಂದೆ.

ಮುಷ್ಟಿಯಲ್ಲಿ ಏನೂ ಇರಲಿಲ್ಲ.
ಬಾಯಿ ತೆರೆದು ಎಣಿಸಿದೆ.
ನಲವತ್ತೆರಡೂ ಇದ್ದವು.