ಚೀಲದ ತೂಕ ಕಳೆದು

ಪಾಲಿಕೆಯ ಕನ್ನಡ ಶಾಲೆಗೆ ಬೀಗ ಬಿದ್ದಾಗ
ಕೊನೆಯ ತರಗತಿಯಲ್ಲಿ ಏಳು ಮಕ್ಕಳಿದ್ದರು.
ಈಗ ಮಂಗಳವಾರ, ಶುಕ್ರವಾರ
ಪರೇಲಿನ ಆಸ್ಪತ್ರೆಯ ಮೂರನೆಯ ಕೋಣೆಯಲ್ಲಿ
ಡಾಕ್ಟರ ಮಾತನ್ನು ಈ ದಡಕ್ಕೆ ದಾಟಿಸುತ್ತೇನೆ.
ಸಂಬಳವಿಲ್ಲ. ಕ್ಯಾಂಟೀನಿನ ಒಂದು ಚಹಾ ಇದೆ.

ಇವತ್ತಿನವರು ರಾಯಗೊಂಡ ಮಗದುಮ್, ಅಥಣಿ ಕಡೆಯವರು.
ಫಾರ್ಮಿನಲ್ಲಿ ಭಾಷೆ: ಕನ್ನಡ. ಕೆಲಸ: ಅರಿಸಿನ ತೂಗುವುದು.
ಕಣ್ಣು ಹಳದಿಯಾದಾಗ ಮನೆಯಲ್ಲಿ ಯಾರೂ ಬೆಚ್ಚಲಿಲ್ಲವಂತೆ;
ಸುಗ್ಗಿಯಲ್ಲಿ ಅವರ ಅಂಗಿ, ಉಗುರು, ಸೀನು ಕೂಡ ಹಳದಿಯೇ.
ಮೈ ತುರಿಸತೊಡಗಿದಾಗ ಬೇವಿನ ಸೊಪ್ಪಿನ ನೀರು.
ಕಡೆಗೆ ಒಂದು ಸಂಜೆ, ಪೇಟೆ ಖಾಲಿಯಾದ ಮೇಲೆ
ತಾವೇ ಕಾಟಾ ಹತ್ತಿ ನಿಂತರು:
ಹದಿನಾಲ್ಕು ಕಿಲೊ ಕಡಿಮೆ.

ಪ್ಯಾಂಕ್ರಿಯಾಸ್, ಅಂದರು ಡಾಕ್ಟರು.
ಮೇದೋಜೀರಕ ಗ್ರಂಥಿ, ಅಂದೆ ನಾನು.
ಪರೀಕ್ಷೆಗೆ ಉರು ಹೊಡೆಸಿದ ಪದ,
ಯಾರ ಹೊಟ್ಟೆಯಲ್ಲೂ ಇರದ ಪದ.
“ಜೀರಿಗಿ?” ಅಂದರು ರಾಯಗೊಂಡ.
ಅಲ್ಲ, ಅಂದೆ. ಆಮೇಲೆ, ಹೌದು ಅನ್ನಿ, ಅಂದೆ:
ಉಂಡದ್ದು ಅರಗುವುದಕ್ಕೆ ಎರಡೂ ಬೇಕು.
ಜಠರದ ಹಿಂದೆ, ಬೆನ್ನಿಗೆ ಒರಗಿ,
ಎಲ್ಲರಿಗೂ ಬಡಿಸಿ ಹಿತ್ತಿಲಲ್ಲೇ ಉಳಿಯುವ ಹೆಂಗಸಿನ ಹಾಗೆ.
ಕಾಹಿಲೆ ಬೀಳುವ ತನಕ ಹೆಸರು ಯಾರು ಕೇಳಿದರು?

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು, ಮರಾಠಿಯಲ್ಲಿ ಹೇಳಿದರು:
ಗಂಟು ತಲೆಯ ಭಾಗದಲ್ಲಿದೆ, ದೊಡ್ಡ ರಕ್ತನಾಳಕ್ಕೆ ಆತುಕೊಂಡಿದೆ.
ಇವತ್ತೇ ಕೊಯ್ದರೆ ಪೂರ್ತಿ ಬರಲಿಕ್ಕಿಲ್ಲ.
ಮೊದಲು ಪಿತ್ತದ ದಾರಿಗೊಂದು ಸ್ಟೆಂಟು, ಹಳದಿ ಇಳಿಯಲಿ.
ಆಮೇಲೆ ಹದಿನೈದು ದಿನಕ್ಕೊಮ್ಮೆ ಕೀಮೊ,
ಎರಡು ದಿನ ಸೊಂಟಕ್ಕೆ ಕಟ್ಟಿಕೊಂಡ ಪಂಪು.
ನಾಲ್ಕು ತಿಂಗಳಿಗೆ ಮತ್ತೆ ಸ್ಕ್ಯಾನು.
ಗಂಟು ನಾಳವನ್ನು ಬಿಟ್ಟಿದ್ದರೆ ಆಪರೇಶನ್:
ಗ್ರಂಥಿಯ ತಲೆ, ಪಿತ್ತಕೋಶ, ಕರುಳಿನ ಮೊದಲ ತಿರುವು ತೆಗೆದು
ಉಳಿದದ್ದನ್ನು ಉಳಿದದ್ದಕ್ಕೆ ಹೊಲಿಯುವುದು, ಆರೇಳು ಗಂಟೆ.
ಬಿಡದಿದ್ದರೆ, ಮೈ ತಡೆಯುವಷ್ಟು ದಿನ ಕೀಮೊ,
ನೋವಿಗೆ ಬೆನ್ನ ಬಳಿಯ ನರಕ್ಕೆ ಸೂಜಿ.
ಯಾವುದೂ ಬೇಡವೆಂದರೆ
ಸ್ಟೆಂಟು, ಮಾರ್ಫಿನ್, ಊರು.
ಅದೂ ಚಿಕಿತ್ಸೆಯೇ, ಅಂದರು, ಪೆನ್ನಿನ ಕ್ಯಾಪು ಹಾಕದೆ.
ಇಂಥ ಹತ್ತು ಜನರಲ್ಲಿ ಮೇಜಿನವರೆಗೆ ನಾಲ್ವರು, ಐವರು.
ಅವರಲ್ಲೂ ಹಲವರಿಗೆ ಇದು ಮರಳುತ್ತದೆ.

ದಾಟಿಸಿದೆ.
“ಬಹಳ ಜನ ಆಪರೇಶನ್ನಿನವರೆಗೆ ಹೋಗುತ್ತಾರೆ” ಅಂದೆ.
ಮರಳುವ ಮಾತು ನನ್ನ ದಡದಲ್ಲೇ ಉಳಿಯಿತು,
ಕಾಗುಣಿತ ತಪ್ಪಿದರೆ ಕೆಂಪು ಗೀಟು ಎಳೆಯುತ್ತಿದ್ದ
ಈ ಕೈಯಡಿಯಲ್ಲಿ.

ರಾಯಗೊಂಡ ಮೇಜಿನ ಅಂಚನ್ನು ಹೆಬ್ಬೆರಳಿಂದ ಒತ್ತಿ ನೋಡಿದರು,
ಮುಳ್ಳು ನಿಂತಿತೋ ಇಲ್ಲವೋ ಅನ್ನುವಂತೆ.
“ಅಕ್ಕಾರ, ನನಗ ಮರಾಠಿ ಬರ್ತೈತ್ರಿ.
ಸಾಂಗ್ಲಿ ಪ್ಯಾಟ್ಯಾಗ ಮೂವತ್ತೊಂದು ವರ್ಷ.
ಒಂದ ಚೀಲಾ ಎರಡ ಸಲ ತೂಗೂದು ನನ್ನ ರೂಢಿ,
ರೈತನ ಮುಂದ ಒಮ್ಮೆ, ಸಾವಕಾರನ ಮುಂದ ಒಮ್ಮೆ.
ಡಾಕ್ಟರ್ ತೂಕಕ್ಕ ನಿಮ್ಮ ತೂಕ ಕೂಡವಲ್ದು.
ನಡುವ ಎಲ್ಲಿ ಸೋರೈತಿ?”

ಅವರ ತಂಗಿಯ ಮಗ ನೆಲ ನೋಡಿದ. ನಾನು ಚಿತ್ರ ನೋಡಿದೆ.
“ಸಿಟ್ಟಿಲ್ರಿ. ಈಗ ಚೀಲದ ತೂಕ ಕಳದು ಹೇಳ್ರಿ.”

ಹೇಳಿದೆ. ನಾಲ್ಕು. ಐದು.
ಮರಳುತ್ತದೆ, ಆ ಕ್ರಿಯಾಪದವನ್ನೂ.
ಏನಂತೆ, ಎಂದು ಕೇಳಿದರು ಡಾಕ್ಟರು.
ತೂಕ ಸರಿಮಾಡುತ್ತಿದ್ದೇವೆ, ಅಂದೆ.

“ಹಳದಿ ಇಳಸ್ರಿ ಮೊದಲ.
ಆಮ್ಯಾಲ ನಾಕ ತಿಂಗಳ ಮೈ ಏನಂತೈತಿ ಕೇಳೂನು.”
ಮತ್ತೆ ಡಾಕ್ಟರ ಕಡೆ ತಿರುಗಿ,
ಕೃಷ್ಣೆಯ ದಂಡೆಯ ಎಳೆದ ಮರಾಠಿಯಲ್ಲಿ ಕೇಳಿದರು:
ಸೊಂಟದ ಪಂಪು ಎಷ್ಟು ತೂಗುತ್ತದೆ?
ಅದು ಡಾಕ್ಟರಿಗೆ ಗೊತ್ತಿರಲಿಲ್ಲ.

ಕ್ಯಾಂಟೀನಿನಲ್ಲಿ ಅರ್ಧ ಬಸಿ ಚಹಾ ಕುಡಿದರು,
ಉಳಿದದ್ದನ್ನು ನನ್ನ ಕಡೆ ಸರಿಸಲಿಲ್ಲ, ಚೆಲ್ಲಲೂ ಇಲ್ಲ.
ಹೊರಡುವಾಗ ಹತ್ತರ ನಾಣ್ಯ ಮೇಜಿನ ಮೇಲಿಟ್ಟು
“ತೂಗಿದ್ದಕ್ಕ ಹಮಾಲಿ ಇರ್ತೈತ್ರಿ” ಅಂದರು.
ಬೇಡ ಅನ್ನಲಿಲ್ಲ ನಾನು.